ಏಕಾದಶಿಯ ನಗು

ಮಲ್ಲೇಶ್ವರಂ,
೨೫-೨-೧೯೮೪

ಚಿ. ಸೌ. ಗೋದಾ,

ನಿನ್ನ ಸೊಂಟನೋವು ಹೇಗಿದೆ? ಮಗುವಿಗೆ ಹಲ್ಲು ಬಂತೇ? ನಾಗಪುರದ ನೀರು ಈಗಲಾದರೂ ಒಗ್ಗಿತೇ? ಉತ್ತರ ಬರೆಯುವವಳಲ್ಲ ನೀನು. ಆದರೂ ಕೇಳುತ್ತೇನೆ, ಹೆತ್ತ ತಪ್ಪಿಗೆ.

ದೀಪಾವಳಿಗೆ ಬಂದವಳು ಮಗುವನ್ನು ನಿಮ್ಮಪ್ಪನ ತೊಡೆಯ ಮೇಲೆ ಮಲಗಿಸಿದೆ. ಅವರು ಕಲ್ಲಿನ ಹಾಗೆ ಕೂತಿದ್ದರು. "ಮರಾಠಿಯವನನ್ನ ಮದುವೆಯಾದೆ ಅಂತ ಇನ್ನೂ ಸಿಟ್ಟು. ಮೊಮ್ಮಗಳನ್ನ ನೋಡಿದ್ರೂ ಮುಖ ಅರಳಲಿಲ್ಲ, ನಾನಿನ್ನು ಬರಲ್ಲ" ಎಂದು ಅಳುತ್ತಾ ಆಟೋ ಹತ್ತಿಬಿಟ್ಟೆ. ಅದು ಸಿಟ್ಟಲ್ಲ ಕಣೇ. ಕೈ ನಡುಗುವುದಕ್ಕೆ ಅವರು ವರ್ಷಗಳಿಂದ ಮಾತ್ರೆ ನುಂಗುತ್ತಿರುವುದು ನಿನಗೂ ಗೊತ್ತು. ಮುಖ ಮರಗಟ್ಟುವುದೂ ಅದೇ ಕಾಯಿಲೆ ಎಂದು ಹೊಸ ಡಾಕ್ಟರಮ್ಮ ಹೇಳಿದ ಮೇಲೇ ನನಗೆ ತಿಳಿದದ್ದು.

ತಲೆಯೊಳಗಿನ ನರಕೋಶಗಳು ಒಂದನ್ನೊಂದು ಮುಟ್ಟುವುದೇ ಇಲ್ಲವಂತೆ. ನಡುವೆ ಕಣ್ಣಿಗೆ ಕಾಣದಷ್ಟು ಸಂದು. ಒಂದು ಕೋಶ ತಾನು ಹೇಳಬೇಕಾದ್ದನ್ನು ರಾಸಾಯನಿಕವಾಗಿ ಆ ಸಂದಿಗೆ ಬಿಡುತ್ತದೆ, ಆಚೆಯದು ಹಿಡಿದುಕೊಳ್ಳುತ್ತದೆ. ನಿಮ್ಮಜ್ಜಿ ಮಡಿಯಲ್ಲಿದ್ದಾಗ ಮುಟ್ಟದೆ ಮೇಲಿನಿಂದ ಚಕ್ಕುಲಿ ಬಿಡುತ್ತಿದ್ದರಲ್ಲ, ನೀನು ಎರಡೂ ಕೈ ಚಾಚಿ ಹಿಡಿಯುತ್ತಿದ್ದೆಯಲ್ಲ, ಹಾಗೆ. ಅಪ್ಪನಿಗೆ ಡೋಪಮೀನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳೇ ಸಾಯುತ್ತಿವೆಯಂತೆ. "ಒಳಗೆ ಸಂತೋಷ ಆಗ್ತಿರತ್ತೆ ಅಮ್ಮಾ, ಮುಖಕ್ಕೆ ಸುದ್ದಿ ಹೋಗಲ್ಲ" ಅಂದರು ಡಾಕ್ಟರಮ್ಮ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ ಎಂದೂ ಅಂದರು.

ನುಂಗಿದ ಮಾತ್ರೆಯಿಂದ ಮಿದುಳು ಅದೇ ರಾಸಾಯನಿಕವನ್ನು ಮಾಡಿಕೊಳ್ಳುತ್ತದಂತೆ. ಈಗೀಗ ಮಾತ್ರೆಯೂ ಹಿಡಿಯುತ್ತಿಲ್ಲ. ಏಕಾದಶಿ ದಿನ ಮಾತ್ರ, ಅದೇನು ಮಾಯವೋ, ಎದ್ದು ಓಡಾಡಿ, "ನಾಳೆ ಪಾರಣೆಗೆ ಏನೇ ಮಾಡ್ತೀಯ?" ಎಂದು ನನ್ನ ಪ್ರಾಣ ತಿಂದು, ಪಕ್ಕದ ಮನೆ ಕಾವೇರಮ್ಮನ ಬೆಕ್ಕನ್ನು ಕಂಡರೂ ನಗುತ್ತಿದ್ದರು. ನಾನು ಪೆರುಮಾಳ್ ಕೃಪೆ ಎಂದು ತುಪ್ಪದ ದೀಪ ಹಚ್ಚಿದ್ದೇ ಹಚ್ಚಿದ್ದು! ಡಾಕ್ಟರಮ್ಮನಿಗೆ ಹೇಳಿದರೆ ನಕ್ಕರು. ಬೇಳೆ ಮೊಸರಿನ ಸತ್ವವೂ ಮಾತ್ರೆಯೂ ಮಿದುಳಿನ ಬಾಗಿಲಲ್ಲಿ ನೂಕಾಡುತ್ತವಂತೆ, ಉಪವಾಸದ ದಿನ ಮಾತ್ರೆಗೆ ದಾರಿ ಸಲೀಸಂತೆ. ದಿನಾ ಉಪವಾಸ ಹಾಕಿಬಿಡಲೇ ಎಂದು ಕೇಳಿದೆ. ಈಗಲೇ ಮೂಳೆ ಚರ್ಮವಷ್ಟೇ ಉಳಿದಿದೆ, ಬೇಡ ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಯಾವುದಾದರೊಂದು ಏಕಾದಶಿಗೆ ಸರಿಯಾಗಿ ಬಾ. ಮಗುವನ್ನು ಮತ್ತೆ ಅವರ ತೊಡೆಯ ಮೇಲೆ ಹಾಕು. ಅವರು ನಗುವುದನ್ನು ನೀನು ಕಣ್ಣಾರೆ ನೋಡಬೇಕು. ಇನ್ನೇನೂ ಬೇಡ ನನಗೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಗುವಿಗೆ ನನ್ನ ಹೆಸರಿನಲ್ಲಿ ದೃಷ್ಟಿ ತೆಗೆ.

ನಿನ್ನಮ್ಮ,
ಆಂಡಾಳ್

ಮತ್ತೆ ಬರೆದದ್ದು: ಇದನ್ನು ಅಂಚೆ ಡಬ್ಬಿಗೆ ಹಾಕುವಷ್ಟರಲ್ಲಿ ಏಕಾದಶಿ ಬಂದು ಹೋಯಿತು. ಈ ಸಲ ಉಪವಾಸಕ್ಕೂ ಏನೂ ಆಗಲಿಲ್ಲ. ಮಗುವಿನ ಫೋಟೋ ಕೈಗೆ ಕೊಟ್ಟೆ, ಮುಖ ಹಾಗೇ ಇತ್ತು. ಸಾಯಂಕಾಲ ತೆಗೆದಿಡೋಣ ಎಂದರೆ ಬೆರಳು ಬಿಡಲಿಲ್ಲ. ಕಾಯಿಲೆಯೋ, ಬೇಕೆಂದೇ ಹಿಡಿದಿದ್ದರೋ, ನನಗೆ ಗೊತ್ತಾಗಲಿಲ್ಲ. ಏಕಾದಶಿ ಕಾಯಬೇಡ ಗೋದಾ. ನಗುತ್ತಾರೆ ಅಂತಲೂ ಬರಬೇಡ. ಸುಮ್ಮನೆ ಬಂದುಬಿಡು.