ಅಮೋಸ್ ಗ್ಯಾಡಿಸ್ ಬೀದಿಯ ಫಲಕ

ಮೇ 6, 2019, ಸೋಮವಾರ. ಬೆಳಿಗ್ಗೆ
ಬಿಪಿ ಮಾತ್ರೆ ನುಂಗಿದೆ. ಗ್ರಿಟ್ಸ್ ಗಂಜಿ ಮತ್ತೆ ತಳ ಹಿಡಿಯಿತು. ಪಾತ್ರೆ ಉಜ್ಜುತ್ತಿದ್ದಾಗ ಕ್ಲೀವನ್ ಬಂದ. ಈಗ ಸಿಟಿ ಕೌನ್ಸಿಲ್ ಸದಸ್ಯ. ಒಂದು ಕಾಲಕ್ಕೆ ನನ್ನ ಅಣ್ಣ ಅಮೋಸ್‌ನ ಹಿಂದೆ ಕರಪತ್ರ ಹೊತ್ತು ತಿರುಗಿದವನು. ನಮ್ಮ ಬೀದಿಗೆ ಅಣ್ಣನ ಹೆಸರಿಡುತ್ತಾರಂತೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಫಲಕದ ಕರಡು ತೋರಿಸಿದ. "ಶಾಂತಿಪ್ರಿಯ ಸಮಾಜಸೇವಕ. 1970ರಲ್ಲಿ ನಿಧನ."

ನಿಧನ! ಜ್ವರ ಬಂದು ಸತ್ತನೇನು? ನಮ್ಮ ಕಪ್ಪು ಜನರಿಗೆಂದು ಅವನು ತೆರೆದ ಕ್ಲಿನಿಕ್ಕಿನ ಬಾಗಿಲಲ್ಲೇ ಪೊಲೀಸರು ಗುಂಡಿಟ್ಟರು.

"ಪೊಲೀಸರು ಕೊಂದರು ಅಂತ ಹಾಕ್ಸು."

"ವರ್ಲೀನಕ್ಕ, ಆ ಮಾತು ಹಾಕಿದ್ರೆ ಬೀದಿನೂ ಇಲ್ಲ, ಫಲಕಾನೂ ಇಲ್ಲ."

"ಶಾಂತಿಪ್ರಿಯ ಅಂತೆ! ಬಂದೂಕು ಹೆಗಲಿಗೇರಿಸ್ಕೊಂಡು ಈ ಬೀದಿ ಕಾದವನು ಕಣೋ ಅವನು. ಪಕ್ಕದಲ್ಲಿ ನೀನೇ ನಿಂತಿದ್ಯಲ್ಲ!"

ಟೈ ಸರಿಮಾಡಿಕೊಂಡ. ಕಾಫಿ ಮುಟ್ಟಲಿಲ್ಲ.

ಮೇ 12, ಭಾನುವಾರ
ಚರ್ಚಿನಲ್ಲಿ ಒಬ್ಬೊಬ್ಬರೇ ಎದ್ದು ತಮ್ಮ ಬಾಳಿನ ಸಾಕ್ಷಿ ಹೇಳುವ ಹೊತ್ತಿನಲ್ಲಿ ಹೊಳೆಯಿತು. ಸಾಕ್ಷಿಗೆ ಎದ್ದವರನ್ನು ಮುಗಿಯುವ ತನಕ ಯಾರೂ ಕೂರಿಸುವಂತಿಲ್ಲ — ಪಾದ್ರಿ ಕೂಡ. ಫಲಕದ ಸಮಾರಂಭ ಈ ಚರ್ಚಿನಲ್ಲೇ, ಬರುವ ಶನಿವಾರ. ಮೇಯರ್, ಪೊಲೀಸ್ ಮುಖ್ಯಸ್ಥ ಎಲ್ಲ ಮುಂದಿನ ಬೆಂಚಿನಲ್ಲಿ. ಎದ್ದು ನಿಲ್ಲುತ್ತೇನೆ. ಎಲ್ಲ ಹೇಳುತ್ತೇನೆ. ಆರ್ಗನ್ ನುಡಿಸುವ ಜೊನೆಲ್‌ಗೆ ಹೇಳಿಟ್ಟೆ, ನನ್ನ ಮಾತು ಮುಳುಗಿಸೋ ಹಾಗೆ ನಡುವೆ ಬಾರಿಸಬೇಡ ಅಂತ.

"ನೀವು ಶುರು ಮಾಡಿ ದೊಡ್ಡಮ್ಮ. ನನ್ನ ಕೈ ಮಡಿಲಲ್ಲೇ ಇರುತ್ತೆ."

ಮೇ 16, ಗುರುವಾರ
ಕ್ಲೀವನ್ ಫೋನ್. ಸಮಾರಂಭ ಚರ್ಚಿನಲ್ಲಲ್ಲ, ಬೀದಿಯಲ್ಲಿ, ಪೆಂಡಾಲ್ ಕೆಳಗೆ. "ಜನ ಜಾಸ್ತಿ ಆಗ್ತಾರೆ ಅಕ್ಕ."

ಕಳ್ಳ. ಅದೇ ಚರ್ಚಿನಲ್ಲಿ ಬೆಳೆದವನು. ಸಾಕ್ಷಿಗೆ ನಿಂತ ಮುದುಕಿಯನ್ನು ತಡೆಯಲಾಗದು, ಬೀದಿಯಲ್ಲಾದರೆ ಮೈಕ್ ಕಿತ್ತುಕೊಳ್ಳಬಹುದು ಅಂತ ಅವನಿಗೆ ಗೊತ್ತು. ಜೊನೆಲ್ ಬಾಯಿಬಿಟ್ಟಳೋ... ಇರಲಿ. ಮೈಕ್ ಇಲ್ಲದಿದ್ದರೆ ಕೂಗುತ್ತೇನೆ.

ಮೇ 18, ಶನಿವಾರ. ಸಂಜೆ
ಹೋದೆ. ಬಿಳಿ ಟೋಪಿ, ಬಿಳಿ ಕೈಗವಸು. ಫಲಕದ ಪರದೆ ಎಳೆದವನು ಪೊಲೀಸ್ ಮುಖ್ಯಸ್ಥ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಕ್ಲೀವನ್ ಮೈಕನ್ನು ತನ್ನ ಕೈಯಲ್ಲೇ ಹಿಡಿದು ನನ್ನ ಬಾಯಿಗೆ ಒಡ್ಡಿದ. "ಎರಡೇ ಮಾತು ಅಕ್ಕ. ಥ್ಯಾಂಕ್ಸ್ ಅಂದ್ಬಿಡಿ."

ಬೇಡವೆಂದರೂ ಕಣ್ಣು ಮೇಲಕ್ಕೆ ಹೋಯಿತು. ಅಣ್ಣನ ಹೆಸರು, ಅಂಗೈಯಗಲದ ಅಕ್ಷರ. ನಲವತ್ತೊಂಬತ್ತು ವರ್ಷ ಪೊಲೀಸರ ಕಡತದಲ್ಲಿ ಬಿದ್ದಿದ್ದ ಹೆಸರು. ಬಾಯಿ ತೆರೆದೆ.

"ಥ್ಯಾಂಕ್ಸ್" ಅಂದೆ.

ಮುಖ್ಯಸ್ಥ ಕೈ ಚಾಚಿದ. ದೊಡ್ಡವರಿಗೆ ಮರ್ಯಾದೆ ಕೊಡುವ ಹಾಗೆ ಕೈಗವಸು ತೆಗೆದು ಕುಲುಕಿದೆ. ತೆಗೆದು! ಯಾರೂ ಹೇಳಿರಲಿಲ್ಲ. ಅಮೋಸ್, ನಾನು ಕೂಗಬೇಕೆಂದೇ ಹೋದವಳು, ನಿನ್ನಾಣೆಗೂ, ಮೊದಲ ಮಾತು ನಾಲಗೆಯ ಮೇಲೇ ಇತ್ತು, ಆದರೆ ಆ ಚಪ್ಪಾಳೆ —