ಎಣ್ಣೆ ಹೋದ ಪಚ್ಚೆ

ಬರ್ಮಿಂಗ್‌ಹ್ಯಾಮ್, ನವೆಂಬರ್ ೧೪, ಗುರುವಾರ

ಆ ಪಚ್ಚೆ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ಟಿವಿ ಶಾಪಿಂಗ್ ಚಾನೆಲ್‌ನಲ್ಲಿ ಕೊಂಡ ಪಚ್ಚೆಯುಂಗುರವನ್ನು ಪಕ್ಕದ ಮನೆಯ ಎನಿಡ್ ಅಜ್ಜಿ ಬೆಲೆ ಕಟ್ಟಿಸಲು ನಮ್ಮ ಒಡವೆ ಅಂಗಡಿಗೆ ತಂದಿದ್ದರು. ವಜ್ರ ತೊಳೆದ ಕೈಯಲ್ಲೇ ಅದನ್ನೂ ತೊಳೆಯುವ ಯಂತ್ರಕ್ಕೆ ಹಾಕಿಬಿಟ್ಟೆ. ಬಿರುಕು ಕಾಣದಂತೆ ತುಂಬಿದ್ದ ಎಣ್ಣೆಯೆಲ್ಲ ಹೊರಟುಹೋಗಿ, ಹಸಿರಿನೊಳಗೆ ಬಿಳಿ ಗೀರುಗಳೆದ್ದವು. ಮೂವತ್ತು ವರ್ಷದ ಕಸುಬು ನನ್ನದು! ಪಚ್ಚೆಯನ್ನು ಯಂತ್ರಕ್ಕೆ ಹಾಕಬೇಡಿ ಎಂದು ಊರಿಗೆಲ್ಲ ಹೇಳುವವನೂ ನಾನೇ.

ಉಂಗುರ ನೋಡಿದ ಅಜ್ಜಿ, "ಆ ಟಿವಿಯವನು ಚೆನ್ನಾಗಿ ಟೋಪಿ ಹಾಕಿದ್ದಾನೆ ಕಂದಾ. ಸದ್ಯ, ನಿನ್ನ ಹತ್ರ ತಂದೆ," ಅಂದರು.

ನಾನು ಹೌದೆಂದು ತಲೆಯಾಡಿಸಿದೆ.

ಎಣ್ಣೆಯನ್ನು ಮತ್ತೆ ತುಂಬಿಸಬಹುದು, ಅದೇನು ದೊಡ್ಡದಲ್ಲ. ಆದರೆ ಆ ತಲೆಯಾಡಿಸಿದ್ದು...

ಸಂಜೆ ನನಗೆಂದು ಬಿಸ್ಕತ್ತು ಮಾಡಿ ತಂದುಕೊಟ್ಟರು. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲ.