ಮುಷ್ಟಿ ದಾಟದ ಹೂವು

ಹೂವಿನಂಗಡಿಯ ಹಿಂಬದಿ ಕೋಣೆ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಲಿಫ್ಟ್ ಕೆಟ್ಟರೆ ಊರವರೆಲ್ಲ ಕೆಳಗೆ ಕಾಯುತ್ತಾರೆ, ರಿಪೇರಿಯವನೊಬ್ಬ ಮಾತ್ರ ಮೆಟ್ಟಿಲು ಹತ್ತಬೇಕು ಅಂತ ನೀವು ನಗಾಡುತ್ತಿದ್ದಿರಿ. ಈಗಲೂ ನೀವೇ ಹತ್ತುತ್ತೀರೋ, ಇಲ್ಲ ಜೊತೆಯವರನ್ನು ಕಳಿಸುತ್ತೀರೋ? ಆ ಬಾಡಿಗೆ ಕೋಣೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ತಾನೆ? ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಅಂತ ಬರೆಯಬೇಕು. ಬರೆದಿದ್ದೇನೆ ಅಂದುಕೊಳ್ಳಿ. ನಿಜ ಹೇಳಬೇಕೆಂದರೆ ನನಗೆ ತಲೆ ಕೆಟ್ಟುಹೋಗಿದೆ.

ಅಕ್ಕನ ಮದುವೆಯಲ್ಲಿ ಊಟದ ಮೇಜುಗಳ ಹೂವಿನ ಅಲಂಕಾರ ನನ್ನ ಕೊರಳಿಗೆ ಬಿದ್ದಿದೆ. ಸಾಹಿತ್ಯ ಓದಿದವಳಿಗೆ ಅಂದಚಂದ ಗೊತ್ತಿರುತ್ತದೆ ಅಂತ ಅಕ್ಕ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ. ಓದು ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ ಬಿದ್ದಿದ್ದಾಳೆ ಅನ್ನುವುದನ್ನು ಇದಕ್ಕಿಂತ ಮರ್ಯಾದೆಯಾಗಿ ಹೇಳಲು ಬರುವುದಿಲ್ಲ ನೋಡಿ. ಆಗಲ್ಲ ಅನ್ನುವ ಮಾತು ನನ್ನ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಹಾಗಾಗಿ ದಿನಾ ಬೆಳಿಗ್ಗೆ ಈ ಅಂಗಡಿಗೆ ಕಲಿಯಲು ಬರುತ್ತೇನೆ. ಒಡತಿಯನ್ನು ಎಲ್ಲರೂ ಕತ್ತರಿ ಆಂಟಿ ಅನ್ನುತ್ತಾರೆ. ಕತ್ತರಿ ದಾರ ಕಟ್ಟಿಕೊಂಡು ಅವರ ಕೊರಳಲ್ಲೇ ನೇತಾಡುತ್ತದೆ. ಆದರೆ ಹೆಸರು ಬಂದದ್ದು ಅದರಿಂದಲ್ಲ ಅನ್ನುವುದು ಅವರು ಬಾಯಿ ತೆರೆದ ಕೂಡಲೇ ತಿಳಿಯುತ್ತದೆ.

ಮೊದಲ ವಾರವೇ ನನ್ನ ಮಾನ ಹೋಯಿತು. ಹೂವಿನ ಕಡ್ಡಿ ಚುಚ್ಚಿ ನಿಲ್ಲಿಸುವುದಕ್ಕೆ ಇಟ್ಟಿಗೆಯ ಹಾಗಿರುವ ಹಸಿರು ಸ್ಪಂಜು ಬರುತ್ತದೆ. ಅದನ್ನು ನೀರಿನ ಮೇಲೆ ಬಿಟ್ಟು ಸುಮ್ಮನಿರಬೇಕು, ಅದೇ ಕುಡಿದು ಅದೇ ಮುಳುಗಬೇಕು. ನಾನು ಬೇಗ ಆಗಲಿ ಅಂತ ಕೈಯಿಂದ ಒತ್ತಿ ಮುಳುಗಿಸಿದೆ. ಹೊರಗೆ ಒದ್ದೆ, ಒಳಗೆ ಒಣಕಲು. ಮಧ್ಯಾಹ್ನದ ಹೊತ್ತಿಗೆ ಗುಲಾಬಿಗಳೆಲ್ಲ ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತಿದ್ದವು. ನೀನು ಓದಿರೋ ಪದ್ಯದಲ್ಲಿ ಹೂವಿಗೆ ನೀರೇ ಬೇಡವೇನೋ ಅಂತ ಆಂಟಿ ಗಿರಾಕಿಗಳ ಮುಂದೆಯೇ ಅಂದರು. ನನಗೆ ಒಳ್ಳೆಯ ಉತ್ತರ ಹೊಳೆಯಿತು, ಆದರೆ ಬಸ್ಸಿನಲ್ಲಿ, ಮನೆಗೆ ಹೋಗುವಾಗ. ಆಂಟಿಯೂ ಏನು ಸಾಚಾ ಅಲ್ಲ. ಹಳದಿ ಸೇವಂತಿಗೆ ಜೊತೆ ನೇರಳೆ ಬಣ್ಣದ ರಿಬ್ಬನ್ ಕಟ್ಟಿ ಚೆನ್ನಾಗಿದೆಯಾ ಅಂತ ಕೇಳುತ್ತಾರೆ. ಚೆನ್ನಾಗಿದೆ ಅನ್ನುತ್ತೇನೆ, ಇನ್ನೇನು ಮಾಡಲಿ.

ಅವರು ಕಲಿಸಿದ್ದರಲ್ಲಿ ನನಗೆ ಹಿಡಿಸಿದ್ದು ಒಂದೇ. ಮೇಜಿನ ಮೇಲೆ ಮೊಣಕೈ ಊರಿ ಮುಷ್ಟಿ ಕಟ್ಟಬೇಕು. ನಡುವೆ ಇಡುವ ಹೂವು ಆ ಮುಷ್ಟಿಯನ್ನು ದಾಟಬಾರದು. ದಾಟಿದರೆ ಎದುರು ಕೂತವರ ಮುಖ ಮುಚ್ಚುತ್ತದೆ, ಊಟ ಮುಗಿಯುವ ತನಕ ಹೂವಿನ ಜೊತೆಯೇ ಮಾತಾಡಬೇಕಾಗುತ್ತದೆ ಅನ್ನುತ್ತಾರೆ. ನೀವು ಗೋಡೆಗೆ ಕಪಾಟು ಹೊಡೆಯುವಾಗ ಓರೆಯಿದೆಯೋ ನೋಡಲು ರಸಮಟ್ಟ ಇಟ್ಟು, ಅದರ ಗುಳ್ಳೆ ನಡುವಿಗೆ ಬರುವ ತನಕ ನನಗೆ ಉಸಿರಾಡಲೂ ಬಿಡುತ್ತಿರಲಿಲ್ಲವಲ್ಲ, ಅದು ನೆನಪಾಯಿತು.

ಈಗ ಜಗಳ ಇರುವುದೇ ಈ ಮುಷ್ಟಿಯಲ್ಲಿ. ಮೊದಲ ಮೇಜಿಗೆ ಗಂಡಿನ ಅಪ್ಪ ಅಮ್ಮ, ನಮ್ಮ ಅಮ್ಮ, ನೀವು. ನೀವು ಮತ್ತು ಅಮ್ಮ ಎದುರುಬದುರು. ನೀವು ಆ ಊರಿಗೆ ವರ್ಗವಾಗಿ ಹೋಗಿ ಮರಳಿ ಬಾರದ ಮೇಲೆ ನೀವಿಬ್ಬರೂ ಒಂದು ಮೇಜಿಗೆ ಕೂತಿಲ್ಲ. ಅದಕ್ಕೆ ಆ ಮೇಜಿಗೆ ಮಾತ್ರ ಎತ್ತರಕ್ಕೆ, ದಟ್ಟವಾಗಿ, ಆಚೆಯವರು ಈಚೆಗೆ ಕಾಣದ ಹಾಗೆ ಹೂವು ಬೇಕು ಅಂತ ಅಕ್ಕನ ಅಪ್ಪಣೆ. "ಅವರಿಬ್ಬರೂ ಮುಖ ಮುಖ ನೋಡ್ಕೊಂಡ್ರೆ ಮುಗೀತು ಕಣೇ, ಬೀಗರ ಮುಂದೆ ನನ್ನ ಮರ್ಯಾದೆ ಹರಾಜು" ಅಂದಳು. ಆಂಟಿಗೆ ಹೇಳಿದರೆ, ಬೇಲಿ ಬೇಕಿದ್ರೆ ಕಾಂಪೌಂಡಿಗೆ ಹಾಕ್ಸಿ, ನನ್ನ ಅಂಗಡಿಯಿಂದ ಮೇಜಿಗೆ ಬೇಲಿ ಹೋಗಲ್ಲ ಅಂತ ಕತ್ತರಿ ಆಡಿಸಿದರು. ಇಬ್ಬರ ನಡುವೆ ನಾನು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಬೆರಳುಗಳೆಲ್ಲ ಮುಳ್ಳು ಚುಚ್ಚಿ ಊದಿಕೊಂಡಿವೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಅಮ್ಮ ಅಂತೂ ಬೇರೆಯದೇ ರಾಗ ತೆಗೆಯುತ್ತಾಳೆ. ಆ ಕುರ್ಚಿಗೆ ಜನ ಬರ್ತಾರಾ ಅಂತ ಮೊದಲು ಕೇಳ್ರೇ, ಆಮೇಲೆ ಹೂವು ಎತ್ತರವೋ ಗಿಡ್ಡವೋ ನೋಡೋಣ ಅನ್ನುತ್ತಾಳೆ. ಬರ್ತೀರಾ ಅಂತ ಅಕ್ಕ ಫೋನಿನಲ್ಲಿ ಕೇಳಿದಾಗ ನೀವು "ಹೂಂ" ಅಂದಿರಂತೆ. ಅಕ್ಕ ಅದನ್ನು ಒಪ್ಪಿಗೆ ಅಂತ ಹಿಡಿದು ಕುರ್ಚಿ ಹಾಕಿಸಿದಳು. ಅಮ್ಮ ನಂಬಲಿಲ್ಲ. "ನಿಮ್ಮಪ್ಪನ ಹೂಂ ಹೂವೂ ಅಲ್ಲ, ಕಾಯೂ ಅಲ್ಲ. ನಲ್ಲಿ ಸೋರ್ತಿದೆ ಅಂದ್ರೂ ಹೂಂ, ದೂರದ ಊರಿಗೆ ವರ್ಗ ಮಾಡಿದ್ದಾರಂತಲ್ಲಾ ಅಂದ್ರೂ ಹೂಂ." ಭಾಷೆ ಓದಿದವಳು ನಾನು, ಆ ಒಂದು ಹೂಂಗೆ ಅರ್ಥ ಹಚ್ಚಲಾರದೆ ಕೂತಿದ್ದೇನೆ. ಆಂಟಿ ಕೂಡ ನಿನ್ನೆ ಕೆಲಸದ ನಡುವೆ, ನಿಮ್ಮಪ್ಪ ಬರ್ತಾರೇನಮ್ಮಾ ಅಂತ ಕೇಳಿದರು. ನನಗೇ ಗೊತ್ತಾಗುವ ಮೊದಲು ನನ್ನ ಬಾಯಿಂದಲೂ ಹೂಂ ಅಂತ ಬಂತು. ಹೌದು ಅಂದೆನೋ, ಸುಮ್ಮನೆ ಕೇಳಿಸಿತು ಅಂದೆನೋ, ನನಗೂ ತಿಳಿಯದು. ನಿಮ್ಮ ಮಗಳೇ ಸರಿ. ನನಗೆ ನಿಮ್ಮ ಮೇಲೂ ಸಿಟ್ಟಿದೆ ಅಪ್ಪಾ, ಬರೆಯಲು ಸಂಕೋಚವಾಗುತ್ತದೆ ಅಷ್ಟೇ.

ಆಂಟಿ ಕರೆಯುತ್ತಿದ್ದಾರೆ, ಹೂವಿನ ಹೊಸ ಬುಟ್ಟಿಗಳು ಬಂದಿವೆ. ಎಲೆ ಕಿತ್ತು ಕಡ್ಡಿಗಳನ್ನು ಓರೆಯಾಗಿ ಕತ್ತರಿಸಿ ನೀರಿಗಿಡಬೇಕು. ಮಂಡಿಗೆ ಎಣ್ಣೆ ಹಚ್ಚಿ, ಕನ್ನಡಕ ಹಾಕಿಕೊಂಡೇ ಓದಿ, ನಿಮ್ಮ ಆಶೀರ್ವಾದ ನನ್ನ ಬೆರಳುಗಳ ಮೇಲೂ ಇರಲಿ.

ನಿಮ್ಮ ಚಿಕ್ಕವಳು,
ಪಿಸುಗುಟ್ಟಿ
(ನೀವೇ ಇಟ್ಟ ಹೆಸರು, ಈಗ ಯಾರೂ ಕರೆಯುವುದಿಲ್ಲ)

ಮರೆತಿದ್ದೆ: ನಿನ್ನೆ ಸಂಜೆ ಅಕ್ಕ ಹೇಳಿದ ಆ ಬೇಲಿಯನ್ನು ಹೇಗೋ ಕಟ್ಟಿ ಮನೆಗೆ ಒಯ್ದು ಊಟದ ಮೇಜಿನ ಮೇಲಿಟ್ಟೆ. ಅಮ್ಮ ತನ್ನ ಜಾಗದಲ್ಲಿ ಕೂತಳು. ಎದುರಿಗೆ ನಿಮ್ಮ ಕುರ್ಚಿ, ಅದರ ಮೇಲೆ ಇಸ್ತ್ರಿಗೆ ಎತ್ತಿಟ್ಟ ಬಟ್ಟೆ. ಎಡಕ್ಕೆ ಬಾಗಿ ನೋಡಿದಳು, ಬಲಕ್ಕೆ ಬಾಗಿ ನೋಡಿದಳು, ಕೊನೆಗೆ ಎರಡು ಬೆರಳಲ್ಲಿ ಎಲೆ ಸರಿಸಿದಳು. "ಆ ಕಡೆ ಯಾರಿದ್ದಾರೆ ಅಂತಾನೇ ಕಾಣ್ಸಲ್ವಲ್ಲೇ, ತಗ್ಗಿಸು" ಅಂದು ಗದ್ದದ ಕೆಳಗೆ ಕೈ ಹಿಡಿದು ತೋರಿಸಿದಳು. ಆಮೇಲೆ, ಸುಮ್ಮನೆ ಹೂವು ದಂಡ, ಅದಕ್ಕೆ ಹೇಳಿದೆ ಅಂತ ಎದ್ದುಹೋದಳು. ಮೊದಲ ಮೇಜಿನ ಹೂವು ಮುಷ್ಟಿ ದಾಟುವುದಿಲ್ಲ. ಅಕ್ಕನಿಗೆ ನಾನೇ ಹೇಳುತ್ತೇನೆ, ಕೇಳಿಸುವ ಹಾಗೆ. ಈ ಕಾಗದ ತಲುಪಿದ ಕೂಡಲೇ ಫೋನ್ ಮಾಡಿ. ಎತ್ತುವುದು ಅಮ್ಮನೇ. ಬರ್ತೀನಿ ಅನ್ನಿ, ಇಲ್ಲ ಬರಲ್ಲ ಅನ್ನಿ, ಹೂಂ ಮಾತ್ರ ಅನ್ನಬೇಡಿ. ಬರುವುದಾದರೆ ರಸಮಟ್ಟ ತನ್ನಿ, ಛತ್ರದ ಆ ಮೊದಲ ಮೇಜು ನಿಮ್ಮ ಕುರ್ಚಿಯ ಕಡೆಗೆ ಸ್ವಲ್ಪ ವಾಲುತ್ತದೆ.